ಬರಡು ಗಡಿಸೀಮೆಯನ್ನು ಬಯಸುವವರಾರು?

ಪ್ರಬಲವಾದ ರಾಜ್ಯವೊಂದು ತನ್ನ ನೆರೆಯವನ ಜನವಿರಳವಾದ ಗಡಿಸೀಮೆಯನ್ನು ಬಯಸುವುದುಂಟೇ? ಪೇಟೆಯ ವಾಚನಾಲಯಗಳಲ್ಲಿಯೂ ಕಚೇರಿಯ ವಿರಾಮದ ವೇಳೆಯಲ್ಲಿಯೂ ಈ ಪ್ರಶ್ನೆಯು ಈಗ ಮೇಲಿಂದಮೇಲೆ ಏಳುತ್ತಿರುವುದು ವಾಚಕರಿಗೆ ವಿದಿತವೇ ಇದೆ. ಚೀನವು ರಷ್ಯದ ಸೈಬೀರಿಯವನ್ನು ಬಯಸುವುದೋ, ಲಡಾಖದ ಹಿಮದ ಬಯಲಿನಲ್ಲಿ ಯಾರಿಗೆ ಏನು ಲಾಭವೋ ಎಂದು ಮಾತು ಹೊರಟಾಗ, ವ್ಯವಹಾರಜ್ಞರೆನಿಸಿಕೊಂಡವರು ಕೊಡುವ ಉತ್ತರವು ಸಾಮಾನ್ಯವಾಗಿ ಒಂದೇ: "ಹುಲ್ಲು ಹುಟ್ಟದ, ಜನ ನಿಲ್ಲದ ನೆಲವನ್ನು ಕಟ್ಟಿಕೊಂಡು ಮಾಡುವುದೇನು? ಬುದ್ಧಿಯುಳ್ಳ ದೊರೆ ಅದಕ್ಕಾಗಿ ಒಂದು ಕಾಸನ್ನೂ ವ್ಯಯಮಾಡನು." ಈ ಉತ್ತರವು ಕೇಳುವುದಕ್ಕೆ ಸಮಂಜಸವಾಗಿ ತೋರುತ್ತದೆ. ಆದರೆ ಇತಿಹಾಸದ ಮುಂದೆ ನಿಲ್ಲಲಾರದು.

ಇದನ್ನು ಪರೀಕ್ಷಿಸುವುದಕ್ಕೆ ನಾವು ಸೈಬೀರಿಯದವರೆಗೆ ಹೋಗಬೇಕಾದುದಿಲ್ಲ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸೀಮೆಯೇ ಸಾಕು. ಬೇರೆ ಬೇರೆ ದೊರೆತನಗಳ ಅಂಚಿನಲ್ಲಿ ಶತಮಾನಗಳಿಂದ ಬಿದ್ದಿರುವ, ಮಳೆಗಾಗಿ ಬಾಯ್ದೆರೆದ ಈ ನೆಲವನ್ನು ಒಮ್ಮೆ ಒಬ್ಬನಿಗೆ ಕೊಡಲು ಹೋದಾಗ ಅವನು ಬೇಡವೆಂದನು. ಮರುವರ್ಷವೇ ಇನ್ನೊಬ್ಬನು ಕೈಚಾಚಿ ತೆಗೆದುಕೊಂಡನು. ಬೇಡವೆಂದವನ ಗತಿಯೇನಾಯಿತು, ಬೇಕೆಂದವನ ಉದ್ದೇಶವೇನಿತ್ತು ಎಂಬುದನ್ನು ನೋಡಿದರೆ ಮೇಲಿನ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಈ ಸೀಮೆ ಗಡಿನಾಡಾದುದು ನಿನ್ನೆ ಮೊನ್ನೆಯಲ್ಲ. ಅರಸೀಕೆರೆಗೆ ಸಮೀಪದಲ್ಲಿರುವ ಉಚ್ಚಂಗಿದುರ್ಗವು ನೊಳಂಬವಾಡಿಯನ್ನಾಳಿದ ಪಾಂಡ್ಯರ ನೆಲೆಯಾಗಿತ್ತು. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ದಕ್ಷಿಣದಿಂದ ಮೇಲೆದ್ದು ಬರುತ್ತಿದ್ದವರು ಹೊಯ್ಸಳರು. ಇಮ್ಮಡಿ ವೀರಬಲ್ಲಾಳನು ೧೨ನೆಯ ಶತಮಾನದ ಉತ್ತರಾರ್ಧದಲ್ಲಿ ಈ ದುರ್ಗವನ್ನು ಹಿಡಿದನು. ಬಲ್ಲಾಳನು ಬಯಸಿದ್ದು ಬೆಟ್ಟದ ಸುತ್ತಣ ಜೋಳದ ಹೊಲಗಳನ್ನಲ್ಲ, ಉತ್ತರದ ಬಾಗಿಲನ್ನು. ವಿಜಯನಗರವು ಅಳಿದಮೇಲೆ ಹರಪನಹಳ್ಳಿಯ ಪಾಳೆಯಗಾರರು ಬಲಿತರು. ಆದರೂ ಬಿಜಾಪುರ, ಮರಾಠರು, ಮೈಸೂರು ಎಂದು ಕಾಲಕಾಲಕ್ಕೆ ಯಾರ ದಂಡು ಹತ್ತಿರ ಬಂದಿತೋ ಅವರಿಗೆ ಪೇಷ್ಕಷು ತೆತ್ತು ದಿನ ನೂಕಿದರು. ಗಡಿಯಲ್ಲಿರುವವನ ಬಾಳು ಎಂದರೆ ಹೀಗೆಯೇ: ಒಂದು ಬೆಳೆ, ಮೂವರು ಒಡೆಯರು.

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಜೂನ್ ತಿಂಗಳಲ್ಲಿ ಅವನ ರಾಜ್ಯದ ಹಂಚಿಕೆಯಾಯಿತು. ಕುಂಪಣಿ ಸರಕಾರವೂ ಹೈದರಾಬಾದಿನ ನಿಜಾಮನೂ ತಮ್ಮ ಪಾಲುಗಳನ್ನು ತೆಗೆದುಕೊಂಡು, ಮೈಸೂರಿನ ಒಡೆಯರಿಗೆ ಒಂದು ಭಾಗವನ್ನು ಬಿಟ್ಟು, ಯುದ್ಧದಲ್ಲಿ ಸೇರದಿದ್ದ ಪುಣೆಯ ಪೇಶ್ವೆಗೂ ಒಂದು ಪಾಲನ್ನು ತೆಗೆದಿರಿಸಿದರು. ಆ ಪಾಲು ಯಾವುದೆಂದರೆ ಹರಪನಹಳ್ಳಿ, ಸೋಂದೆ, ಆನೆಗುಂದಿಗಳೂ ಚಿತ್ರದುರ್ಗ ಬಿದನೂರುಗಳ ಒಂದೊಂದು ಭಾಗವೂ. ಇದು ದಾನವಾಗಿರಲಿಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಯಾಗಿತ್ತು. ಪೇಶ್ವೆಯು ಫ್ರೆಂಚರನ್ನು ಹತ್ತಿರ ಸೇರಿಸಕೂಡದು, ನಿಜಾಮನೊಡನಿದ್ದ ವ್ಯಾಜ್ಯಗಳಲ್ಲಿ ಕುಂಪಣಿಯ ಮಧ್ಯಸ್ಥಿಕೆಯನ್ನು ಒಪ್ಪಬೇಕು ಎಂಬಂಥ ಷರತ್ತುಗಳು ಅದರೊಡನೆ ಇದ್ದುವು. ಎರಡನೆಯ ಬಾಜೀರಾಯನು ಒಪ್ಪಲಿಲ್ಲ. ಅವನು ಬೇಡವೆಂದ ಪಾಲನ್ನು ನಿಜಾಮನೂ ಕುಂಪಣಿಯೂ ತಮ್ಮೊಳಗೆ ಹಂಚಿಕೊಂಡರು.

ಇಲ್ಲಿಗೆ ನಿಂತರೆ, "ನೋಡಿರಿ, ಬರಡು ಸೀಮೆಯನ್ನು ಯಾರೂ ಬಯಸರು" ಎಂದು ಹೇಳುವವರಿಗೆ ಜಯ. ಆದರೆ ಪೇಶ್ವೆಯು ಬೇಡವೆಂದದ್ದು ನೆಲವನ್ನಲ್ಲ, ಅದಕ್ಕೆ ಕಟ್ಟಿದ್ದ ಹಗ್ಗವನ್ನು. ಕೊಡುವವನ ಕೈಯಲ್ಲಿ ಹಗ್ಗದ ಇನ್ನೊಂದು ತುದಿ ಇರುವಾಗ ಬಂಗಾರದ ಗಣಿಯನ್ನು ಕೊಟ್ಟರೂ ಸ್ವಾಭಿಮಾನಿಯು ಹಿಂದೆಗೆಯುವನು. ಅವನ ನಿರಾಕರಣೆಯಿಂದ ನೆಲದ ಬೆಲೆ ಇಷ್ಟೇ ಎಂದು ಗೊತ್ತುಮಾಡಲಾಗದು.

ನೆಲದ ಬೆಲೆ ಗೊತ್ತಾದುದು ಮರುವರ್ಷ. ಟಿಪ್ಪುವಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನು, ಯಾರ ಆಡಳಿತವೂ ನೆಟ್ಟಗೆ ನಿಲ್ಲದ ಈ ತುಂಗಭದ್ರಾ ತೀರದ ಗಡಿಯನ್ನೇ ಆಶ್ರಯಿಸಿ ದಂಡು ಕೂಡಿಸಿದನು. ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನೆನಿಸಿದ ಆರ್ಥರ್ ವೆಲ್ಲೆಸ್ಲಿಯು ಹೊಳೆಯನ್ನು ದಾಟಿ ತಿಂಗಳುಗಟ್ಟಲೆ ಅವನ ಬೆನ್ನು ಹತ್ತಬೇಕಾಯಿತು. ೧೮೦೦ರ ಸೆಪ್ಟೆಂಬರ್ ೧೦ರಂದು ಧೋಂಡಿಯನು ಹತನಾದನು. ಅದಾದ ಸುಮಾರು ಒಂದು ತಿಂಗಳಿಗೆ, ಅಕ್ಟೋಬರ್ ೧೨ರಂದು, ನಿಜಾಮ ಅಲಿ ಖಾನನು ಕುಂಪಣಿಯೊಡನೆ ಹೊಸ ಕೌಲನ್ನು ಮಾಡಿಕೊಂಡು, ತನ್ನ ರಕ್ಷಣೆಗಾಗಿ ಇರಿಸಿಕೊಂಡ ಕುಂಪಣಿಯ ಪಟಾಲಮುಗಳ ಖರ್ಚಿಗೆ ನಗದು ಹಣದ ಬದಲಾಗಿ, ೧೭೯೨ರಲ್ಲಿಯೂ ೧೭೯೯ರಲ್ಲಿಯೂ ಟಿಪ್ಪುವಿನ ರಾಜ್ಯದಿಂದ ತನಗೆ ಬಂದಿದ್ದ ಸೀಮೆಗಳನ್ನು ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪೆಗಳ ಸೀಮೆಗೆ 'ದತ್ತಮಂಡಲ' ಎಂಬ ಹೆಸರು ಬಂದುದು ಆಗಲೇ. ಕೊಟ್ಟವನ ಹೆಸರು ಮರೆತುಹೋಯಿತು. ಕೊಡಲ್ಪಟ್ಟ ನೆಲಕ್ಕೆ ಮಾತ್ರ ಕೊಡಲ್ಪಟ್ಟದ್ದೆಂಬ ಹೆಸರು ಉಳಿಯಿತು. ೧೯೨೮ರಲ್ಲಿ ನಂದ್ಯಾಲದಲ್ಲಿ ಕೂಡಿದ ತೆಲುಗು ಜನರು ಈ ಹೆಸರಿನಲ್ಲಿ ಅಪಮಾನವಿದೆಯೆಂದು ಬಗೆದು 'ರಾಯಲಸೀಮೆ' ಎಂಬ ಹೆಸರನ್ನು ಎತ್ತಿಕೊಂಡುದು ಆಶ್ಚರ್ಯವಲ್ಲ.

ಈ ಕೌಲಿನಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಹೊಳೆಯ ಉತ್ತರಕ್ಕಿರುವ ಕೊಪ್ಪಳ ಗಜೇಂದ್ರಗಡಗಳನ್ನು ನಿಜಾಮನಿಗೇ ಬಿಟ್ಟು, ಅದಕ್ಕೆ ಪ್ರತಿಯಾಗಿ ಹೊಳೆಯ ದಕ್ಷಿಣಕ್ಕಿರುವ ಆದವಾನಿ ಮೊದಲಾದುವನ್ನು ಕುಂಪಣಿಯು ತೆಗೆದುಕೊಂಡಿತು. ಉದ್ದೇಶವೇನೆಂದರೆ ತುಂಗಭದ್ರೆಯೂ ಅದರ ಮುಂದೆ ಕೃಷ್ಣೆಯೂ ಸ್ಪಷ್ಟವಾದ ಎಲ್ಲೆಯಾಗಬೇಕು ಎಂಬುದು. ಎಷ್ಟು ಎಕರೆ ಕಪ್ಪುಮಣ್ಣು, ಎಷ್ಟು ಒಕ್ಕಲು ಎಂಬ ಲೆಕ್ಕ ಆಮೇಲಿನದು. ಮೊದಲು ಬೇಕಾದುದು ಕಾಯಲು ಸುಲಭವಾದ ಗೆರೆ, ದಂಡು ನಡೆಯಲು ನಿರಾತಂಕವಾದ ದಾರಿ.

ಆ ದಾರಿಯು ಎಲ್ಲಿಗೆ ಹೋಗುತ್ತಿತ್ತೆಂಬುದು ಬೇಗನೆ ಕಂಡುಬಂತು. ೧೮೦೨ರ ಕೊನೆಯಲ್ಲಿ ಹೋಳ್ಕರನಿಂದ ಸೋತು ಪುಣೆಯನ್ನು ಬಿಟ್ಟೋಡಿದ ಅದೇ ಬಾಜೀರಾಯನು ಡಿಸೆಂಬರ್ ೩೧ರಂದು ವಸಯಿಯಲ್ಲಿ ಕುಂಪಣಿಯ ಷರತ್ತುಗಳಿಗೆಲ್ಲ ಒಪ್ಪಿ ರುಜು ಹಾಕಿದನು. ಅವನನ್ನು ಗಾದಿಯ ಮೇಲೆ ಕೂರಿಸುವುದಕ್ಕಾಗಿ ವೆಲ್ಲೆಸ್ಲಿಯ ದಂಡು ೧೮೦೩ರ ಮಾರ್ಚಿಯಲ್ಲಿ ಹೊರಟುದು ಎಲ್ಲಿಂದ? ಹರಪನಹಳ್ಳಿಯ ನೆರೆಯ ಹರಿಹರದಿಂದ! ಏಪ್ರಿಲಿನಲ್ಲಿ ಅದು ಪುಣೆಯಲ್ಲಿತ್ತು. ನಾಲ್ಕು ವರ್ಷಗಳ ಹಿಂದೆ ತನಗೆ ಬೇಡವೆಂದು ಪೇಶ್ವೆಯು ಬಿಟ್ಟ ತುಂಗಭದ್ರೆಯ ಗಡಿಯೇ ಅವನ ರಾಜಧಾನಿಗೆ ಪರರ ದಂಡು ಹೊರಡುವ ಮೆಟ್ಟಿಲಾಯಿತು. ೧೮೧೮ರಲ್ಲಿ ಪೇಶ್ವೆಯ ರಾಜ್ಯವೇ ಇಲ್ಲವಾಯಿತು. ಹರಪನಹಳ್ಳಿಯನ್ನು ತೆಗೆದುಕೊಂಡಿದ್ದರೆ ಅವನು ಉಳಿಯುತ್ತಿದ್ದನೆಂದು ನಾವು ಹೇಳುವುದಿಲ್ಲ. ಆದರೆ ಗಡಿಸೀಮೆಯನ್ನು ಬರಿಯ ಕಂದಾಯದ ತಕ್ಕಡಿಯಲ್ಲಿ ತೂಗತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇನ್ನು, ಈ ನೆಲ ಬರಡು, ಜನವಿರಳ ಎಂಬ ಮಾತನ್ನೇ ಸ್ವಲ್ಪ ವಿಚಾರಮಾಡೋಣ. ಮಳೆ ಇಲ್ಲಿ ಕಡಿಮೆಯೆಂಬುದು ನಿಜ. ಆದರೆ ೧೮೦೦ರಲ್ಲಿ ಇಲ್ಲಿ ಹೊಲಗಳು ಪಾಳುಬಿದ್ದಿದ್ದುದು ಕೇವಲ ದೈವಸಂಕಲ್ಪದಿಂದಲ್ಲ. ಅರ್ಧ ಶತಮಾನದ ಕಾಲ ಮರಾಠರ, ಮೈಸೂರಿನ, ನಿಜಾಮನ ದಂಡುಗಳು ಈ ದಾರಿಯನ್ನು ತುಳಿದಿದ್ದುವು. ೧೭೯೧-೯೨ರ ಘೋರ ಕ್ಷಾಮವು ಹಳ್ಳಿಗಳನ್ನು ಬರಿದುಮಾಡಿತ್ತು. ದತ್ತಮಂಡಲದಲ್ಲಿ ಎಂಬತ್ತು ಮಂದಿ ಪಾಳೆಯಗಾರರು ತಮತಮಗೆ ತೋರಿದಂತೆ ವಸೂಲು ಮಾಡುತ್ತಿದ್ದರು. ಇಂಥ ಸೀಮೆಗೆ ಪ್ರಧಾನ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಸಾಹೇಬನು ಪಾಳೆಯಗಾರರನ್ನು ಅಡಗಿಸಿ, ಹೊಲಹೊಲವನ್ನೂ ಅಳೆಸಿ, ರೈತನೊಬ್ಬೊಬ್ಬನ ಹೆಸರಿನಲ್ಲಿ ಕಂದಾಯವನ್ನು ಕಟ್ಟಿದನು. ೧೮೦೭ರಲ್ಲಿ ಅವನು ಬಿಟ್ಟುಹೋಗುವ ವೇಳೆಗೆ ಕಂದಾಯವು ಸುಮಾರು ಅರ್ಧದಷ್ಟು ಹೆಚ್ಚಿತ್ತು. ನಿಜಾಮನು ಭಾರವೆಂದು ಇಳಿಸಿದ ಮೂಟೆಯು ಕುಂಪಣಿಗೆ ಹಣದ ಥೈಲಿಯಾಯಿತು!

ಆದರೆ ಈ ಹೆಚ್ಚಳದಲ್ಲಿ ರೈತನ ಪಾಲೆಷ್ಟು? ಕಂದಾಯವು ಭಾರವಾಗಿದೆ, ನಾಲ್ಕರಲ್ಲೊಂದು ಪಾಲನ್ನು ಇಳಿಸಬೇಕು ಎಂದು ಮನ್ರೋನೇ ಹೊರಡುವಾಗ ಬರೆದನು. ಮೇಲಿನವರು ಆಗ ಕೇಳಲಿಲ್ಲ. ದೂರದ ಖಜಾನೆಯು ಕಸುವನ್ನು ಹೀರಿದ ನೆಲವು ಕೆಟ್ಟ ಕಾಲವನ್ನು ತಾಳಲಾರದು. ೧೮೭೧ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ೯ ಲಕ್ಷದ ಮೇಲೆ ಇದ್ದ ಜನಸಂಖ್ಯೆಯು, ೧೮೭೬-೭೮ರ ಕ್ಷಾಮದ ಬಳಿಕ ೧೮೮೧ರ ಖಾನೇಸುಮಾರಿಯಲ್ಲಿ ಏಳು ಲಕ್ಷ ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಐದರಲ್ಲೊಂದು ಪಾಲಿಗೆ ಹತ್ತಿರದಷ್ಟು ಜನ ಹತ್ತು ವರ್ಷಗಳಲ್ಲಿ ಇಲ್ಲವಾದರು. ಇಂಥ ಸೀಮೆಯನ್ನು ಕಂಡು 'ಇದು ಸ್ವಭಾವತಃ ಜನವಿರಳ' ಎನ್ನುವುದು, ಉಪವಾಸ ಕೆಡವಿದವನನ್ನು ಕಂಡು 'ಇವನು ಹುಟ್ಟಾ ಬಡಕಲ' ಎಂದಂತೆ.

ಈಗ ಹೊರದೇಶಗಳ ಕಡೆಗೆ ದೃಷ್ಟಿ ಹೊರಳಿಸೋಣ. ಅಲ್ಲಿಯೂ ಇದೇ ಕಥೆ. ರಷ್ಯದ ಚಕ್ರವರ್ತಿಯು ೧೮೬೭ರಲ್ಲಿ ಅಲಾಸ್ಕವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ೭೨ ಲಕ್ಷ ಡಾಲರುಗಳಿಗೆ ಮಾರಿದನು. ದೂರದ ಹಿಮದ ನಾಡು, ಕಾಯುವುದು ಕಷ್ಟ, ಬ್ರಿಟಿಷರು ಹೇಗಾದರೂ ಕಸಿಯುವರು ಎಂಬ ಲೆಕ್ಕ ಅವನದು. ನೂರು ವರ್ಷಗಳ ಮೇಲೆ, ೧೯೬೮ರಲ್ಲಿ, ಅದರ ಉತ್ತರತೀರದ ಪ್ರೂಡೋ ಕೊಲ್ಲಿಯಲ್ಲಿ ಎಣ್ಣೆಯ ಮಹಾನಿಧಿ ಸಿಕ್ಕಿತು. ಇತ್ತ ಅದೇ ರಷ್ಯವು ೧೮೫೮, ೧೮೬೦ರ ಎರಡು ಕೌಲುಗಳಲ್ಲಿ ಅಫೀಮು ಯುದ್ಧದಿಂದಲೂ ಅಂತಃಕಲಹದಿಂದಲೂ ಬಳಲಿದ್ದ ಚೀನದಿಂದ ಅಮೂರ್ ನದಿಯ ಆಚೆಗೂ ಉಸ್ಸುರಿ ನದಿಯ ಪೂರ್ವಕ್ಕೂ ಇದ್ದ ಸುಮಾರು ಹತ್ತು ಲಕ್ಷ ಚದರ ಕಿಲೋಮೀಟರುಗಳ ನೆಲವನ್ನು ಪಡೆದುಕೊಂಡಿತು. ಅಲ್ಲಿಯೂ ಜನ ವಿರಳ. ರಷ್ಯಕ್ಕೆ ಬೇಕಾಗಿದ್ದುದು ಪೆಸಿಫಿಕ್ ಸಮುದ್ರದ ಬಾಗಿಲು. ವ್ಲಾದಿವೊಸ್ತೋಕ್ ಬಂದರಿಗೆ ೧೮೬೦ರಲ್ಲಿಯೇ ಅಡಿಪಾಯ ಬಿದ್ದಿತು. ಒಂದೇ ರಾಜ್ಯವು ಒಂದೇ ದಶಕದಲ್ಲಿ ಒಂದು ಬರಡು ಸೀಮೆಯನ್ನು ಬಯಸಿ ತೆಗೆದುಕೊಂಡಿತು, ಇನ್ನೊಂದನ್ನು ಬೇಡವೆಂದು ಮಾರಿತು. ಆದುದರಿಂದ ಬರಡುತನವು ಬಯಕೆಯನ್ನು ನಿರ್ಣಯಿಸತಕ್ಕದ್ದಲ್ಲವೆಂಬುದು ಸ್ಪಷ್ಟ.

ನಮ್ಮ ದೇಶಕ್ಕೆ ಈ ಪಾಠವು ನೋವಿನಿಂದ ಬಂದಿತು. ಲಡಾಖದ ಅಕ್ಸಾಯ್ ಚಿನ್ ಬಯಲು ಸುಮಾರು ೩೮,೦೦೦ ಚದರ ಕಿಲೋಮೀಟರು. ಕಾಯಂ ವಸತಿಯೆಂಬುದೇ ಇಲ್ಲ. ಅಲ್ಲಿ ಹುಲ್ಲುಕಡ್ಡಿಯೂ ಹುಟ್ಟದೆಂಬ ಅರ್ಥದ ಮಾತನ್ನು ೧೯೫೯ರಲ್ಲಿ ಪ್ರಧಾನಮಂತ್ರಿ ಪಂಡಿತ ನೆಹರೂರವರೇ ಪಾರ್ಲಿಮೆಂಟಿನಲ್ಲಿ ಆಡಿದರು. ಅದು ಸುಳ್ಳಲ್ಲ. ಆದರೆ ಚೀನವು ಹುಲ್ಲಿಗಾಗಿ ಅಲ್ಲಿಗೆ ಬಂದಿರಲಿಲ್ಲ. ಸಿಂಕಿಯಾಂಗನ್ನೂ ಟಿಬೇಟನ್ನೂ ಕೂಡಿಸುವ ರಸ್ತೆಯು ಆ ಬಯಲನ್ನು ಹಾದುಹೋಗಬೇಕಾಗಿತ್ತು. ೧೯೫೭ರಲ್ಲಿ ಆ ರಸ್ತೆ ಮುಗಿದೇಹೋಗಿತ್ತು. ೧೯೬೨ರ ಯುದ್ಧದ ಕಾರಣಗಳಲ್ಲಿ ಅದೂ ಒಂದಾಯಿತು. ನೆಲದಲ್ಲಿ ಏನು ಬೆಳೆಯುತ್ತದೆಂದು ನಾವು ನೋಡಿದೆವು. ನೆಲದ ಮೇಲೆ ಏನು ಹಾದುಹೋಗಬಲ್ಲುದೆಂದು ಅವರು ನೋಡಿದರು.

ಹಾಗಾದರೆ ಬಲಿಷ್ಠರು ಸದಾ ನೆರೆಯವನ ಬರಿನೆಲದ ಮೇಲೆ ಕಣ್ಣಿಟ್ಟೇ ಇರುವರೋ ಎಂದರೆ ಅದೂ ಅಲ್ಲ. ಸೈಬೀರಿಯದ ಮಾತನ್ನೇ ತೆಗೆದುಕೊಳ್ಳಿರಿ. ರಷ್ಯದ ದೂರಪ್ರಾಚ್ಯ ಪ್ರಾಂತದಲ್ಲಿ ಆ ದೇಶದ ವಿಸ್ತೀರ್ಣದ ಐದರಲ್ಲೆರಡು ಪಾಲು ನೆಲವಿದೆ. ಜನ ಮಾತ್ರ ಸುಮಾರು ೮೦ ಲಕ್ಷ. ಹೊಳೆಯಾಚೆ ಚೀನದ ಈಶಾನ್ಯದ ಮೂರು ಪ್ರಾಂತಗಳಲ್ಲಿ ಹತ್ತು ಕೋಟಿಗೆ ಹತ್ತಿರ. ಹೀಗಿದ್ದೂ ೨೦೦೪ರ ಒಪ್ಪಂದದಿಂದ ಉಭಯರೂ ಗಡಿಯ ಉಳಿದ ತಕರಾರನ್ನು ಪರಿಹರಿಸಿಕೊಂಡರು. ೨೦೦೮ರಲ್ಲಿ ಹೊಳೆಯ ನಡುಗಡ್ಡೆಗಳ ಹಂಚಿಕೆಯೂ ಮುಗಿಯಿತು. ೨೦೧೯ರ ಡಿಸೆಂಬರಿನಿಂದ ಸೈಬೀರಿಯದ ಅನಿಲವು ಕೊಳವೆಯ ಮೂಲಕ ಚೀನಕ್ಕೆ ಹರಿಯುತ್ತಿದೆ. ಬೇಕಾದ ಹಾಲು ಕ್ರಯಕ್ಕೆ ಮನೆಬಾಗಿಲಿಗೇ ಬರುತ್ತಿರುವಾಗ ಹಸುವನ್ನು ಕಟ್ಟಿ ಮೇವು ಹಾಕುವ ಕಷ್ಟವೇಕೆ? ನೆಲವನ್ನು ಗೆದ್ದರೆ ಅದರ ರಸ್ತೆ, ಠಾಣೆ, ಶಾಲೆ, ಕ್ಷಾಮನಿವಾರಣೆಗಳೆಲ್ಲ ಗೆದ್ದವನ ತಲೆಯ ಮೇಲೆ ಬೀಳುತ್ತವೆ. ಕರಾರಿನಿಂದ ಪಡೆದರೆ ಲಾಭ ಇವನಿಗೆ, ಭಾರ ಅವನಿಗೆ. ಈ ಕಾಲದ ಪ್ರಬಲರಲ್ಲಿ ಜಾಣರಾದವರು ಈ ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ಜಾಣತನವು ಯಾವಾಗಲೂ ಗೆಲ್ಲುವುದೆಂಬ ಭರವಸೆಯನ್ನು ಮಾತ್ರ ಯಾರೂ ಕೊಡಲಾರರು.

ಇಷ್ಟರಿಂದ ಒಂದು ನಿಯಮವನ್ನು ಹೊರತೆಗೆಯಬಹುದಾಗಿದೆ. ಪ್ರಬಲನು ಬರಿಯ ನೆಲವನ್ನು ಬಯಸನು. ಅದರ ಮೇಲಣ ದಾರಿಯನ್ನು, ಅದರೊಳಗಣ ನೀರನ್ನು, ಅದರಡಿಯ ಲೋಹವನ್ನು ಬಯಸುವನು. ಒಡೆಯನು ಅದನ್ನು ಪಾಳೆಂದು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿದ್ದರೆ ಆ ಬಯಕೆಯು ಸುಲಭವಾಗಿ ಕೈಗೂಡುವುದು. ಗಡಿಸೀಮೆಯು ಮೊದಲು ಒಡೆಯನ ಮನಸ್ಸಿನಲ್ಲಿ ಕಳೆದುಹೋಗುತ್ತದೆ. ಭೂಪಟದಲ್ಲಿ ಕಳೆದುಹೋಗುವುದು ಆಮೇಲೆ.

ಇದು ರಾಷ್ಟ್ರ ರಾಷ್ಟ್ರಗಳ ನಡುವೆ ಮಾತ್ರ ನಡೆಯುವ ಸಂಗತಿಯಲ್ಲ. ಸ್ವತಂತ್ರ ಭಾರತದೊಳಗೆ ಬಳ್ಳಾರಿ ಜಿಲ್ಲೆಯ ಹಂಚಿಕೆಯಾದಾಗಲೂ ಇದೇ ನಿಯಮವು ಸೌಮ್ಯವಾದ ರೂಪದಲ್ಲಿ ಕಾಣಿಸಿಕೊಂಡಿತು. ೧೯೨೧ರಲ್ಲಿಯೇ ಕಾಂಗ್ರೆಸ್ಸಿನ ಪ್ರಾಂತಗಳಿಗಾಗಿ ನ. ಚಿಂ. ಕೇಳ್ಕರರು ಪಂಚಾಯಿತಿ ನಡೆಸಿ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳನ್ನು ಕನ್ನಡದ ಕಡೆಗೆ ಎಣಿಸಿದ್ದರು. ಆಂಧ್ರ ರಾಜ್ಯವು ಹುಟ್ಟುವ ಕಾಲಕ್ಕೆ ನ್ಯಾಯಮೂರ್ತಿ ವಾಂಛೂ ಅವರೂ, ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ನ್ಯಾಯಮೂರ್ತಿ ಮಿಶ್ರ ಅವರೂ ವಿಚಾರಮಾಡಿದ ಮೇಲೆ, ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಉಳಿದ ತಾಲ್ಲೂಕುಗಳು ಮೈಸೂರಿಗೂ ಸೇರಿದುವು. ಜಗಳವೆಲ್ಲ ನಡೆದುದು ಬಳ್ಳಾರಿ ಪಟ್ಟಣಕ್ಕಾಗಿಯೂ ತುಂಗಭದ್ರೆಯ ಅಣೆಕಟ್ಟಿಗಾಗಿಯೂ. ೧೯೫೫ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಆ ಯೋಜನೆಯ ಕಾರಣವನ್ನು ಮುಂದೊಡ್ಡಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಕನ್ನಡಿಗರು ಒಕ್ಕೊರಲಿನಿಂದ ಪ್ರತಿಭಟಿಸಿದರು. ಶಿಫಾರಸು ಅಂಗೀಕಾರವಾಗಲಿಲ್ಲ. ಆದರೆ ಆಯೋಗವು ಕೇಳಿದ ತಾಲ್ಲೂಕುಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ: ಅಣೆಕಟ್ಟು ಇರುವಲ್ಲಿಂದ ಕಾಲುವೆ ಹರಿಯುವವರೆಗೆ. ಕಾಲುವೆಯಿಲ್ಲದ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳನ್ನು ಯಾರೂ ಕೇಳಲಿಲ್ಲ. ಅವು ನಮ್ಮವಾಗಿ ಉಳಿದುವು. ಉಳಿದುವೆಂಬ ಕಾರಣದಿಂದಲೇ ಮರೆತೂ ಹೋದುವು.

ಅಣೆಕಟ್ಟಿನ ನೀರು ನಿಂತಾಗ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದುವು. ಹಂಪಸಾಗರದಂಥ ಹಳೆಯ ಊರುಗಳ ಜನರು ಹೊಳೆಯಂಚಿನ ಫಲವತ್ತಾದ ನೆಲವನ್ನು ಬಿಟ್ಟು ಮೇಲಕ್ಕೆ ಬಂದರು. ಹಗರಿಬೊಮ್ಮನಹಳ್ಳಿಯು ಬೆಳೆದುದು ಹಾಗೆ ಬಂದವರಿಂದ. ನೀರಾದರೋ ಕೆಳಗಿನ ಸೀಮೆಗಳಿಗೆ ಹರಿಯಿತು. ಆ ನೀರಿನಿಂದ ಬೆಳೆದ ಅನ್ನವನ್ನು ದೇಶವೇ ಉಂಡಿದೆ, ನಮಗೆ ಅಸೂಯೆಯಿಲ್ಲ. ಆದರೆ ಮುಳುಗುವ ಪಾಲು ಒಬ್ಬರಿಗೆ, ನೆನೆಯುವ ಪಾಲು ಇನ್ನೊಬ್ಬರಿಗೆ ಎಂಬ ಹಂಚಿಕೆಯನ್ನು ನ್ಯಾಯವೆನ್ನಲಾದೀತೇ?

ಲೋಹದ ಕಥೆಯನ್ನು ವಾಚಕರು ಕಣ್ಣಾರೆ ಕಂಡಿದ್ದಾರೆ. ಸೊಂಡೂರು ಬಳ್ಳಾರಿಗಳ ಗುಡ್ಡಗಳ ಅದಿರಿಗೆ ಈ ಶತಮಾನದ ಆರಂಭದಲ್ಲಿ ಹೊರದೇಶದ ಬೆಲೆ ಏರಿದ ಕೂಡಲೇ, ಆವರೆಗೆ ಕುರುಬರ ಹಿಂಡುಗಳು ಮಾತ್ರ ತಿರುಗುತ್ತಿದ್ದ ಕರ್ನಾಟಕ ಆಂಧ್ರಗಳ ಎಲ್ಲೆಯು ಇದ್ದಕ್ಕಿದ್ದಂತೆ ಅಮೂಲ್ಯವಾಯಿತು. ಗಡಿಯ ಕಲ್ಲುಗಳು ಕಾಣೆಯಾದುವು. ಗುರುತುಗಳು ಅಳಿಸಿಹೋದುವು. ಎರಡು ರಾಜ್ಯಗಳ ನಡುವಣ ಗೆರೆ ಎಲ್ಲಿದೆಯೆಂದು ಸರ್ವೇ ಇಲಾಖೆಯವರನ್ನು ಕರೆಸಿ ಹುಡುಕಿಸುವ ದುರ್ದೆಸೆ ಒದಗಿತು. ೨೦೧೧ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು ಹೊರಬಿದ್ದು, ಅದೇ ವರ್ಷ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಇಲ್ಲಿ ಗಡಿಯನ್ನು ಅತಿಕ್ರಮಿಸಿದವನು ಪರದೇಶದ ಚಕ್ರವರ್ತಿಯಲ್ಲ; ಅತಿಕ್ರಮಿಸಿದುದು ಲಾಭ. ಕಾಯಬೇಕಾದವರ ಕಣ್ಣು ಬೇರೆ ಕಡೆಗಿತ್ತು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು?

ಈಗ ಗಾಳಿಯ ಸರದಿ. ಯಾವ ಲೆಕ್ಕದಲ್ಲಿಯೂ ಎಣಿಕೆಗೆ ಬಾರದಿದ್ದ ಹರಪನಹಳ್ಳಿಯ ಗುಡ್ಡಗಳ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು ತಿರುಗುತ್ತಿವೆ. ಅವು ಬಂದುದು ಒಳ್ಳೆಯದೇ. ಆದರೆ ನೆಲದ ಬೆಲೆಯನ್ನು ಅದರ ಮೇಲಿರುವವನಿಗಿಂತ ಮೊದಲು ಹೊರಗಿನವನು ಕಂಡುಕೊಳ್ಳುವ ಪದ್ಧತಿಯು ೧೮೦೦ರಿಂದ ಇಂದಿನವರೆಗೂ ಬದಲಾಗಿಲ್ಲವೆಂಬುದನ್ನು ಹೇಳದಿರಲಾರೆವು.

ಇನ್ನು ಆಡಳಿತದ ಮಾತು. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೩ರಲ್ಲಿ ಸಂವಿಧಾನದ ೩೭೧-ಜೆ ವಿಧಿಯು ಜಾರಿಗೆ ಬಂದು ಹೈದರಾಬಾದು ಕರ್ನಾಟಕದ ಜಿಲ್ಲೆಗಳಿಗೂ ಬಳ್ಳಾರಿಗೂ ಶಿಕ್ಷಣ ಉದ್ಯೋಗಗಳಲ್ಲಿ ವಿಶೇಷ ಸೌಲಭ್ಯಗಳು ದೊರೆತಾಗ, ಜಿಲ್ಲೆ ಬದಲಾದ ತಪ್ಪಿಗೆ ಹರಪನಹಳ್ಳಿಯ ಮಕ್ಕಳು ಹೊರಗೆ ನಿಂತರು. ಹಳ್ಳಿಯೂ ಅದೇ, ಬರವೂ ಅದೇ, ಕಾಗದ ಮಾತ್ರ ಬೇರೆ. ಜನರು ಬಹುಕಾಲ ಹೋರಾಡಿದರು. ೨೦೧೮ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆ ಹುಟ್ಟಿ, ಹೊಸಪೇಟೆಯೊಡನೆ ಈ ಪಡುವಣ ತಾಲ್ಲೂಕುಗಳೆಲ್ಲ ಅದಕ್ಕೆ ಸೇರಿದುವು. ಕಾಲು ಶತಮಾನದೊಳಗೆ ಒಂದೇ ತಾಲ್ಲೂಕಿಗೆ ಮೂರು ಜಿಲ್ಲೆಗಳ ಮುದ್ರೆ. ಎರಡು ಶತಮಾನಗಳ ಹಿಂದಿನ ಸ್ಥಿತಿಗೂ ಈಗಿನದಕ್ಕೂ ಒಂದು ಮಹತ್ತರವಾದ ಭೇದವಿದೆಯೆಂಬುದನ್ನು ಒಪ್ಪಲೇಬೇಕು. ಆಗ ಪೇಶ್ವೆಗೆ ಕೊಡುವಾಗಲಾಗಲಿ ಕುಂಪಣಿಗೆ ಕೊಡುವಾಗಲಾಗಲಿ ಅರಸೀಕೆರೆಯ ಒಬ್ಬ ರೈತನನ್ನೂ ಯಾರೂ ಕೇಳಲಿಲ್ಲ. ಈಗ ಜನರು ಕೇಳಿದರು, ಕೂಗಿದರು, ಪಡೆದರು. ಸ್ವರಾಜ್ಯವೆಂದರೆ ಇಷ್ಟೇ, ಇದೇ ದೊಡ್ಡದು.

ಆದರೆ ಕೇಳುವುದಕ್ಕೆ ಜನರು ಊರಿನಲ್ಲಿರಬೇಕಷ್ಟೆ! ಸುಗ್ಗಿ ಮುಗಿದ ಮೇಲೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ತಾಂಡಾಗಳಿಂದಲೂ ಹಟ್ಟಿಗಳಿಂದಲೂ ಸಂಸಾರಸಮೇತರಾಗಿ ಮಲೆನಾಡಿನ ಕಾಫಿತೋಟಗಳಿಗೂ ಮಂಡ್ಯದ ಕಬ್ಬಿನ ಗದ್ದೆಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ಗುಳೆ ಹೋಗುವವರನ್ನು ಯಾರು ಕಂಡಿಲ್ಲ? ಮನೆಗೆ ಬೀಗ, ಬಾಗಿಲಲ್ಲಿ ಮುದುಕರು, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಂಟು, ಮಗುವಿಲ್ಲ. ೧೭೯೨ರ ಕ್ಷಾಮವೂ ೧೮೭೭ರ ಕ್ಷಾಮವೂ ಮಾಡಿದ ಕೆಲಸವನ್ನು ಈಗ ಪ್ರತಿ ವರುಷದ ಗುಳೆಯು ಮೆಲ್ಲಮೆಲ್ಲನೆ ಮಾಡುತ್ತಿದೆ. ಹೀಗೆ ಬರಿದಾದ ಸೀಮೆಯನ್ನು ತೋರಿಸಿ, 'ಇಲ್ಲಿ ಜನವೇ ಇಲ್ಲ. ರೈಲು ಏತಕ್ಕೆ, ಕಾಲೇಜು ಏತಕ್ಕೆ, ಆಸ್ಪತ್ರೆ ಏತಕ್ಕೆ?' ಎಂದು ಕಡತದಲ್ಲಿ ಟಿಪ್ಪಣಿ ಬರೆಯುವ ಅಧಿಕಾರಿಯು ತಿಳಿಯದೆಯೇ ನಿಜಾಮನ ಸ್ಥಾನದಲ್ಲಿ ಕುಳಿತಿರುತ್ತಾನೆ. ಜನವಿಲ್ಲವೆಂದು ಸೌಕರ್ಯವಿಲ್ಲ, ಸೌಕರ್ಯವಿಲ್ಲವೆಂದು ಜನವಿಲ್ಲ. ಗಾಣದ ಎತ್ತಿನಂತೆ ಸುತ್ತುವ ಈ ತರ್ಕವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಲೇಬೇಕು. ಮುರಿಯುವ ಶಕ್ತಿ ಇರುವುದು ಸರಕಾರಕ್ಕೆ, ಗುಳೆ ಹೋಗುವವನಿಗಲ್ಲ.

ಮಾಡತಕ್ಕದ್ದು ರಹಸ್ಯವೇನೂ ಅಲ್ಲ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಅರಸೀಕೆರೆಯಂಥ ಊರುಗಳ ಸೀಮೆಯಿದು. ಹಿಂದಿನವರು ಹೊಳೆಯ ನೀರು ಬಾರದೆಂದು ತಿಳಿದೇ ಹಳ್ಳಿಹಳ್ಳಿಗೂ ಕೆರೆ ಕಟ್ಟಿದರು. ಅವುಗಳ ಹೂಳೆತ್ತುವುದು, ತುಂಗಭದ್ರೆಯ ಪ್ರವಾಹದ ನೀರನ್ನು ಅವುಗಳಿಗೆ ಏರಿಸುವ ಯೋಜನೆಗಳನ್ನು ಕಾಗದದಿಂದ ಕಾಲುವೆಗೆ ಇಳಿಸುವುದು, ಸಿಂಗಟಾಲೂರಿನಂಥ ಏತ ನೀರಾವರಿಯ ಕೊನೆಯ ಹೊಲಕ್ಕೂ ಹನಿ ಮುಟ್ಟುವಂತೆ ನೋಡುವುದು, ಗುಳೆ ಹೋದವರ ಮಕ್ಕಳು ಊರಿನಲ್ಲಿಯೇ ಉಳಿದು ಓದುವಂತೆ ವಿದ್ಯಾರ್ಥಿನಿಲಯಗಳನ್ನು ನಡೆಸುವುದು, ೩೭೧-ಜೆ ವಿಧಿಯ ಹಣವು ಜಿಲ್ಲೆಯ ಮುಖ್ಯಪಟ್ಟಣದಲ್ಲಿಯೇ ಇಂಗಿಹೋಗದಂತೆ ತಡೆಯುವುದು: ಇವಿಷ್ಟು ನಡೆದರೆ ಸಾಕು. ಇದನ್ನು ಉಪಕಾರವೆಂದು ನಾವು ಬೇಡುತ್ತಿಲ್ಲ. ಗಡಿಯನ್ನು ಕಾಯುವ ಖರ್ಚೆಂದು ಕೇಳುತ್ತಿದ್ದೇವೆ. ರಾಜ್ಯವು ತನ್ನ ಅಂಚನ್ನು ಗಟ್ಟಿಮಾಡಿಕೊಳ್ಳುವುದು ಧರ್ಮವೂ ಹೌದು, ಲಾಭವೂ ಹೌದು.

ಬೀದರದಿಂದ ಚಾಮರಾಜನಗರದವರೆಗೆ ಕರ್ನಾಟಕದ ಅಂಚಿನ ತಾಲ್ಲೂಕುಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಗಡಿಯ ಮೇಲೆ ಪ್ರೀತಿಯಿದೆಯೆಂದು ತೋರಿಸುವುದಕ್ಕೆ ನವೆಂಬರ್ ತಿಂಗಳ ಮೆರವಣಿಗೆಯೊಂದೇ ಸಾಲದು. ಗಡಿಯ ಹಳ್ಳಿಯ ಶಾಲೆಗೆ ಉಪಾಧ್ಯಾಯನು ತಪ್ಪದೆ ಹೋಗುತ್ತಿರುವನೇ, ಕೆರೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ನೀರಿದೆಯೇ ಎಂಬುದು ನಿಜವಾದ ಪರೀಕ್ಷೆ.

ಪ್ರಬಲ ರಾಜ್ಯವು ನೆರೆಯವನ ಜನವಿರಳವಾದ ಗಡಿಸೀಮೆಯನ್ನು ಬಯಸುವುದೇ ಎಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಇಂದು ಬಯಸದಿರಬಹುದು, ನಾಳೆ ಬಯಸಬಹುದು. ಅದು ಅವನ ಅಗತ್ಯವನ್ನು ಅವಲಂಬಿಸಿದೆ, ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಬೇರೊಂದು ಪ್ರಶ್ನೆ: ಆ ಸೀಮೆಯನ್ನು ಅದರ ಸ್ವಂತ ಒಡೆಯನು ಬಯಸುತ್ತಿರುವನೇ? ೧೮೦೦ರಲ್ಲಿ ಬಯಸಲಿಲ್ಲ, ಅದರ ಫಲವನ್ನು ನೂರೈವತ್ತು ವರ್ಷ ಉಂಡೆವು. ಈಗ ಒಡೆಯರು ನಾವೇ. ವಿಧಾನಸೌಧದಲ್ಲಿರುವ ಮಂತ್ರಿವರ್ಯರೂ ಹೊಸಪೇಟೆಯಲ್ಲಿರುವ ಜಿಲ್ಲಾಧಿಕಾರಿಗಳೂ ಈ ಪಡುವಣ ತಾಲ್ಲೂಕುಗಳ ಮುಂದಿನ ವರ್ಷದ ಅಂದಾಜುಪಟ್ಟಿಯನ್ನು ಬರೆಯುವಾಗ ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.